ಸುಕ್ಕಾಗದ ಬೆರಳು

ಮೇಷ್ಟರ ಕಸುಬಿನಲ್ಲಿ ಒಂದು ತೊಂದರೆಯಿದೆ. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ‘ನನಗೆ ಗೊತ್ತಿಲ್ಲ’ ಎನ್ನುವ ಮಾತು ಬಾಯಿಗೇ ಬರುವುದಿಲ್ಲ. ಯಲಹಂಕದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ದಾರಿಹೋಕರು ಕೇಳಿದರೆ, ಗೊತ್ತಿಲ್ಲದಿದ್ದರೂ ಕೈ ಚಾಚಿ ಯಾವುದೋ ದಿಕ್ಕು ತೋರಿಸಿಬಿಡುತ್ತೇನೆ. ಅಂಥ ಹೊತ್ತಿನಲ್ಲಿ ಹೆಂಡತಿ ನನ್ನಿಂದ ನಾಲ್ಕು ಹೆಜ್ಜೆ ದೂರ ನಿಲ್ಲುತ್ತಾಳೆ.

ಗೊರಗುಂಟೆಪಾಳ್ಯದ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಅಭಿಸರಣೆಯ ಪಾಠವೆಂದರೆ ಒಂಬತ್ತನೇ ತರಗತಿ ಆಕಳಿಸುತ್ತದೆ. ತೆಳುಪೊರೆಯ ಮೂಲಕ ನೀರು ಉಪ್ಪು ಹೆಚ್ಚಿರುವ ಕಡೆಗೆ ನುಗ್ಗಿದರೆ ಅವರಿಗೇನಾಗಬೇಕು? ಅದಕ್ಕೇ ಪಾಠಕ್ಕೆ ಚರ್ಮದ ಆರೈಕೆಯನ್ನೂ ಸೇರಿಸಿದೆ. ಬಟ್ಟೆ ಒಗೆದಾಗ ಚರ್ಮದೊಳಕ್ಕೆ ನೀರು ನುಗ್ಗಿ ಬೆರಳು ಸುಕ್ಕಾಗುತ್ತದೆ, ಕೈ ಒರೆಸಿಕೊಂಡು ಕೊಬ್ಬರಿ ಎಣ್ಣೆ ಸವರಿ ಎಂದೆ. ಹಿಂದಿನ ಬೆಂಚಿನ ಹುಡುಗರೂ ಎದ್ದು ನಿಂತು ಮೊಡವೆಗೆ ಉಪ್ಪು ಹಚ್ಚಬಹುದೇ ಎಂದು ಕೇಳುವಷ್ಟು ಪಾಠ ಕಳೆಗಟ್ಟಿತು. ಕಿರುಪರೀಕ್ಷೆಯಲ್ಲಿ ಬೆರಳೇಕೆ ಸುಕ್ಕಾಗುತ್ತದೆಂದು ಕೇಳಿದರೆ, ಇಡೀ ತರಗತಿ ನನ್ನ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿತ್ತು. ಶಿವಲೀಲಾ ಒಬ್ಬಳು ಮಾತ್ರ, ಸೌತೆಕಾಯಿಗೆ ಉಪ್ಪು ಹಾಕಿದರೆ ನೀರು ಬಿಡುವುದು ಅಭಿಸರಣೆ, ಬೆರಳಿನದು ಅದಲ್ಲ ಎಂದು ಬರೆದಿದ್ದಳು. ಸಿಟ್ಟು ಬಂತು, ಸೊನ್ನೆ ಹಾಕಿದೆ. ಎರಡು ಅಂಕದಲ್ಲಿ ಅವಳು ಫೇಲಾದಳು. ಫೇಲಾದವರ ಅಪ್ಪನೋ ಅಮ್ಮನೋ ಬಂದು ಸಹಿ ಹಾಕಬೇಕು. ಅಪ್ಪ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ ಬಂದರು.

“ಅಭಿಸರಣೆ ಆದ್ರೆ ಎಲ್ಲಾ ಬೆರಳೂ ಸುಕ್ಕಾಗ್ಬೇಕಲ್ವಾ ಸಾರ್? ನಮ್ಮಪ್ಪಂದು ಒಂದು ಬೆರಳು ಆಗೋದೇ ಇಲ್ಲ,” ಎಂದಳು ಹುಡುಗಿ.

ಅಪ್ಪ ತಪ್ಪು ಮಾಡಿದವರಂತೆ ಬಲಗೈಯ ತೋರುಬೆರಳು ಮುಂದೆ ಮಾಡಿದರು. “ಮಶಿನ್ನಾಗ ಸಿಕ್ಕಿತ್ರಿ ಸರ. ನರ ಕಟ್ಟಾಗೇತಿ ಅಂದ್ರು ಡಾಕ್ಟ್ರು. ಎಷ್ಟೊತ್ತು ನೀರಾಗಿಟ್ರೂ ಅದು ಹಂಗ ಇರ್ತೈತ್ರಿ.”

ನೋಡಿಯೇ ಬಿಡೋಣ ಎಂದೆ. ಸ್ಟಾಫ್ ರೂಮಿನಿಂದ ಬಿಸಿನೀರು ತಂದು ಹದ ಮಾಡಿ, ಎರಡು ಬೀಕರಿನಲ್ಲಿ ಸುರಿದು, ಒಂದರಲ್ಲಿ ಅವರು, ಒಂದರಲ್ಲಿ ನಾನು ನಾಲ್ಕು ಬೆರಳದ್ದಿ ಎದುರುಬದುರು ಕೂತೆವು. ಐದು ನಿಮಿಷವಾಯಿತು, ಹತ್ತಾಯಿತು. ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬಾಗಿಲಲ್ಲಿ ಹೆಡ್‌ಮೇಷ್ಟ್ರು ಇಣುಕಿ, ಏನೂ ಕೇಳದೆ ಹೋದರು. ಆ ಬೆರಳು ಸುಕ್ಕಾಗಲಿ ತಂದೆ, ಶನಿವಾರ ಕಾಯಿ ಒಡೆಸುತ್ತೇನೆ ಎಂದು ಆಂಜನೇಯನಿಗೆ ಹರಕೆ ಹೊತ್ತೆ. ವಿಜ್ಞಾನದ ಮೇಷ್ಟ್ರಾಗಿ ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೆರಳು ಹೊರಗೆ ತೆಗೆದೆವು. ನನ್ನವು ಒಣದ್ರಾಕ್ಷಿಯಾಗಿದ್ದವು. ಅವರ ಉಳಿದ ಮೂರು ಬೆರಳೂ ಹಾಗೇ. ತೋರುಬೆರಳು ಮಾತ್ರ ನುಣ್ಣಗಿತ್ತು. ಅಂದರೆ ಸುಕ್ಕು ಮಾಡುವುದು ನರ, ಒಳನುಗ್ಗಿದ ನೀರಲ್ಲ. ನಾನು ಸೊನ್ನೆ ಹೊಡೆದು ಎರಡು ಅಂಕ ಹಾಕಿದೆ. ಅಪ್ಪ ಕೈ ಒರೆಸಿಕೊಂಡು, ಮಗಳನ್ನು ನೋಡಿ ನಕ್ಕರು.

ಅವಳು ನಗಲಿಲ್ಲ. “ಸಾರ್, ವಾರ್ಷಿಕ ಪರೀಕ್ಷೆ ಪೇಪರ್ ಬೇರೆ ಸ್ಕೂಲ್ನೋರು ತಿದ್ತಾರಂತೆ. ಅಲ್ಲೂ ಇದೇ ಬಂದ್ರೆ ಏನ್ ಬರೀಲಿ?”

ನಾನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಅಭಿಸರಣೆ ಅಂತಾನೇ ಬರಿಯಮ್ಮ,” ಎಂದೆ.