ಐದು ಜನರ ಶ್ರುತಿ

ಆ ಮನೆಯ ಊಟದ ಮೇಜು ಏಳು ತಿಂಗಳಿಂದ ಊಟದ ಮುಖ ಕಂಡಿರಲಿಲ್ಲ. ಕನ್ನಡಕದ ಅಂಗಡಿಯ ಗುಮಾಸ್ತರು ಐವತ್ತು ವರ್ಷ ಹಳೆಯ ನಕ್ಷೆಯೊಂದನ್ನು ಎಲ್ಲಿಂದಲೋ ಸಂಪಾದಿಸಿ, ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ ಕಟ್ಟುತ್ತೇನೆಂದು ಹೊರಟು, ಮೇಜಿನ ತುಂಬ ಬೋರ್ಡು, ವೈರು, ಬೆಸುಗೆಯ ಸಾಮಾನು ಹರಡಿಕೊಂಡಿದ್ದರು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೂ ಉಂಡೂ ಸಾಕಾಗಿದ್ದ ಹೆಂಡತಿ ಆ ರಜಾದಿನ ಬೆಳಿಗ್ಗೆ ಗಡುವು ಕೊಟ್ಟರು. ಸಂಜೆ ಐದಕ್ಕೆ ಸಂಗೀತದ ಮೇಡಂ ಬಂದು ಕೇಳಿ ಒಪ್ಪಿದರೆ ಸರಿ, ಇಲ್ಲದಿದ್ದರೆ ಇವತ್ತಿನ ಊಟ ಮೇಜಿನ ಮೇಲೆ. ಮೇಡಂ ಒಪ್ಪಿದರೆ ಅವರ ವಾದ್ಯವೃಂದದಲ್ಲಿ ನುಡಿಸಬಹುದು. ಆ ಆಸೆ ಗುಮಾಸ್ತರಿಗೆ ಮೀಸೆ ಮೂಡುವ ಮೊದಲಿನದು.

ತೊಂದರೆ ಇಷ್ಟೇ: ಕೆಳಗಿನ ಸ್ವರವನ್ನು ಸರಿಮಾಡಿದರೆ ಮೇಲಿನದು ಜಾರುತ್ತಿತ್ತು, ಮೇಲಿನದನ್ನು ಹಿಡಿದು ತಂದರೆ ಕೆಳಗಿನದು ಮುನಿಸಿಕೊಳ್ಳುತ್ತಿತ್ತು. ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ಎರಡು ತಿರುಪುಗಳು. ಒಂದನ್ನು ಕೂದಲೆಳೆಯಷ್ಟು ತಿರುಗಿಸಿದರೂ ಯಂತ್ರ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಅರಚುತ್ತಿತ್ತು.

ನಾಲ್ಕನೇ ಸಲ ಅರಚಿದಾಗ ಮೇಲಿನ ಮನೆಯ ನಿವೃತ್ತ ಲೈನ್‌ಮ್ಯಾನ್ ಇಳಿದು ಬಂದರು. ಅವರ ಪ್ರಕಾರ ಲೋಕದ ಸಕಲ ಕಷ್ಟಕ್ಕೂ ಲೂಸ್ ಕನೆಕ್ಷನ್ನೇ ಕಾರಣ. ಒಂದೊಂದೇ ವೈರನ್ನು ಎಳೆದು ನೋಡಿದರು, ಮೂರನೆಯದು ಕೈಗೇ ಬಂತು.

"ನೋಡಿ, ನಾನು ಹೇಳಲಿಲ್ವಾ?" ಅಂದರು ಸಂತೋಷದಿಂದ.

ಗುಮಾಸ್ತರು ಅದನ್ನು ಮತ್ತೆ ಬೆಸೆಯುವಷ್ಟರಲ್ಲಿ ಕೆಳಗಿನ ಮನೆಯ ಟೈಲರಮ್ಮ ಎಣ್ಣೆಡಬ್ಬಿಯೊಂದಿಗೆ ಹಾಜರಾದರು. ಹೊಲಿಗೆ ಮೆಷಿನ್ನು ಹೀಗೇ ಕಿರುಗುಟ್ಟುತ್ತಿತ್ತಂತೆ, ಎರಡು ಹನಿ ಬಿಟ್ಟ ಮೇಲೆ ತಣ್ಣಗಾಯಿತಂತೆ. ಗುಮಾಸ್ತರು ಎರಡೂ ಕೈ ಹರಡಿ, ಮರಿ ಕಾಯುವ ಕೋಳಿಯ ಹಾಗೆ ಬೋರ್ಡಿನ ಮೇಲೆ ಬಗ್ಗಿ ಕಾದರು. ಆಮೇಲೆ ಪಕ್ಕದ ಬೇಕರಿಯವರು ಬಂದರು. ಅವರ ಹತ್ತಿರ ಸಲಹೆ ಇರಲಿಲ್ಲ. ಸುಮ್ಮನೆ ನೋಡೋಕೆ ಬಂದೆ ಅಂತ ಮೇಜಿಗೆ ಅಂಟಿಕೊಂಡು ಕೂತರು.

ಬೀದಿಗೆಲ್ಲ ಕೇಳುತ್ತದೆಂದು ಹೆಂಡತಿ ಕಿಟಕಿ ಮುಚ್ಚಿದರು. ಫ್ಯಾನಿನ ಸದ್ದಿಗೆ ಸ್ವರ ತಿಳಿಯುವುದಿಲ್ಲವೆಂದು ಗುಮಾಸ್ತರು ಫ್ಯಾನ್ ನಿಲ್ಲಿಸಿದರು. ಬೋರ್ಡಿನ ಮೇಲೆ ಐದು ತಲೆ ಬಗ್ಗಿದವು. ಎಡಕ್ಕೆ ಅಂತ ಒಬ್ಬರು, ಬಲಕ್ಕೆ ಅಂತ ಇನ್ನೊಬ್ಬರು. ಐವರೂ ಬೆವರಿನಲ್ಲಿ ತೊಯ್ದು, ಮೂರು ತಾಸು ಕಳೆದು, ನಾಲ್ಕೂವರೆಗೆ ಕೆಳಗಿನ ಸ್ವರದಿಂದ ಮೇಲಿನದರವರೆಗೆ ಎಲ್ಲವೂ ನೇರ ನಿಂತವು. ಗುಮಾಸ್ತರ ಕಣ್ಣು ತುಂಬಿತು. ಟೈಲರಮ್ಮ ಕೊನೆಗೂ ಎಣ್ಣೆಡಬ್ಬಿಯ ಮುಚ್ಚಳ ಹಾಕಿದರು.

ಮೇಡಂ ಬರುವಾಗ ಮನೆ ಮನೆಯಂತಿರಲೆಂದು ಹೆಂಡತಿ ಮೂವರನ್ನೂ ಸಾಗಹಾಕಿ, ಕಿಟಕಿ ತೆರೆದು, ಫ್ಯಾನ್ ಹಾಕಿದರು. ಐದಕ್ಕೆ ಸರಿಯಾಗಿ ಮೇಡಂ ಬಂದು ಕೂತರು. ಗುಮಾಸ್ತರು ನುಡಿಸಿದರು. ಯಂತ್ರ ನೆಗಡಿಯಾದವರ ಹಾಗೆ ಹಾಡಿತು. ಮೇಡಂ ಚೀಲವನ್ನು ಹೆಗಲಿಗೇರಿಸಿದರು.

ಗಾಬರಿಯಲ್ಲಿ ಗುಮಾಸ್ತರು ಬೋರ್ಡು ಮುಟ್ಟಿ ನೋಡಿದರು. ಆಗ ಬೆಚ್ಚಗಿದ್ದದ್ದು ಈಗ ತಣ್ಣಗಿತ್ತು. ಐವರ ಮೈಕಾವು ಇಳಿದರೆ ಶ್ರುತಿಯೂ ಇಳಿಯುತ್ತದೆ ಅನ್ನುವುದು ತಟ್ಟನೆ ಹೊಳೆಯಿತು. ಹತ್ತು ನಿಮಿಷ ಕೊಡಿ ಎಂದು ಮೇಡಂಗೆ ಕೈಮುಗಿದು, ಬಾಗಿಲು ತೆರೆದು ನೆರೆಯವರನ್ನು ಕೂಗಿದರು. ದೂರವೇನೂ ಹೋಗಿರಲಿಲ್ಲ, ಮೂವರೂ ಮೆಟ್ಟಿಲ ಮೇಲೆ ಕಿವಿ ನೆಟ್ಟು ಕೂತಿದ್ದರು.

ಕಿಟಕಿ ಮುಚ್ಚಿತು, ಫ್ಯಾನ್ ನಿಂತಿತು, ಎಲ್ಲರೂ ಮೇಜಿಗೆ ಒತ್ತಿ ಕೂತರು. ಸ್ವರ ಒಂದೊಂದೇ ಮೆಟ್ಟಿಲು ಹತ್ತಿ ಬಂತು, ಬಂದು ಜಾಗದಲ್ಲಿ ನಿಲ್ಲದೆ ಮುಂದಕ್ಕೂ ಹೋಯಿತು.

"ಈಗ ಒಂದೆಳೆ ಜಾಸ್ತಿ," ಅಂದರು ಕಣ್ಣು ಮುಚ್ಚಿದ್ದ ಮೇಡಂ.

ಲೈನ್‌ಮ್ಯಾನ್ ತಲೆ ಎಣಿಸಿದರು. ಶ್ರುತಿ ಕೂಡಿಸಿದ್ದು ಐವರ ಕಾವಿಗೆ, ಈಗ ಇರುವುದು ಆರು ಜನ. ಒಬ್ಬರು ಹೊರಗೆ ಹೋಗಬೇಕು. ಲೈನ್‌ಮ್ಯಾನ್ ಮಂಡಿನೋವಿನ ವಿಚಾರ ತೆಗೆದರು. ಟೈಲರಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಇನ್ನೂ ಭದ್ರವಾಗಿ ಕೂತರು. ಬೇಕರಿಯವರು ಮೇಜಿನ ಕಾಲು ಹಿಡಿದುಕೊಂಡರು. ತನ್ನ ಮೇಜು ಬಿಟ್ಟು ತಾನು ಕದಲುವುದಿಲ್ಲವೆಂದರು ಹೆಂಡತಿ. ಮೇಡಂ ಅಂತೂ ಕೇಳಬೇಕಾದವರು. ಎಲ್ಲರ ಕಣ್ಣೂ ಗುಮಾಸ್ತರ ಮೇಲೆ ಬಿತ್ತು.

"ನಾನು ಹೋದರೆ ನುಡಿಸೋರು ಯಾರು?" ಅಂದರು ಗುಮಾಸ್ತರು.

ಮೇಡಂ ಬೆರಳುಗಳು ಆಗಲೇ ಕೀಬೋರ್ಡಿನ ಮೇಲಿದ್ದವು.

ಗುಮಾಸ್ತರು ಹೊರಗೆ ನಿಂತರು. ಮುಚ್ಚಿದ ಬಾಗಿಲಾಚೆ ಅವರ ಯಂತ್ರ ಒಂದೆಳೆ ಆಚೀಚೆ ಆಗದೆ ಹಾಡುತ್ತಿತ್ತು. ಏಳು ತಿಂಗಳಿಂದ ಕಿವಿಯೊಳಗೆ ಕೇಳುತ್ತಿದ್ದ ದನಿ ಇದೇ. ಬೇಡವೆಂದರೂ ಮುಖದ ತುಂಬ ನಗು ಹರಡಿತು. ಹಾಡು ಮುಗಿದು ಚಪ್ಪಾಳೆ ಬಿತ್ತು. ಮುಂದಿನ ವಾರದ ಕಾರ್ಯಕ್ರಮಕ್ಕೆ ನಾವು ಇದೇ ಐವರೂ ಇರಬೇಕು, ಒಂದು ವೈರೂ ಅಲುಗದಂತೆ ಮೇಜು ಸಮೇತ ಸಾಗಿಸೋಣ ಎಂದು ಮೇಡಂ ಹೇಳುವುದು ಕೇಳಿಸಿತು. ತಾನೂ ವೇದಿಕೆಗೆ ಅಂತ ಗೊತ್ತಾದ ಮೇಲೆ ಹೆಂಡತಿ ಮೇಜಿನ ಸುದ್ದಿಯನ್ನೇ ಎತ್ತಲಿಲ್ಲ.

ಗುಮಾಸ್ತರು ಮೆಲ್ಲಗೆ ಬಾಗಿಲ ಹಿಡಿಗೆ ಕೈ ಹಾಕಿದರು.

"ರೀ, ಬಾಗಿಲು ತೆಗೀಬೇಡಿ," ಅಂದರು ಹೆಂಡತಿ ಒಳಗಿನಿಂದ. "ಇನ್ನೊಂದು ಹಾಡು ಶುರುವಾಗ್ತಿದೆ."