ನಲವತ್ತು ಕ್ಯಾಂಡಲಿನ ತವರು

ನಿಮ್ಮ ಮನೆಯಲ್ಲಿ ಈಗ ದೀಪ ಉರಿಯುತ್ತಿದ್ದರೆ ಅದಕ್ಕೆ ಕಾರಣ ನನ್ನ ಸೋದರಮಾವ. ಇದು ನನ್ನ ಮಾತಲ್ಲ, ಅವರದೇ. ನೀವು ಬಿಲ್ಲು ಕಟ್ಟುತ್ತೀರಿ, ಸ್ವಿಚ್ಚು ಒತ್ತುತ್ತೀರಿ, ಅಷ್ಟಕ್ಕೇ ದೀಪ ನಿಮ್ಮದು ಅಂದುಕೊಂಡಿದ್ದೀರಿ, ಪಾಪ. ಸರ್ಕಾರಕ್ಕೆ ಕರೆಂಟು ತಯಾರಿಸುವ ಒಂದು ನಿಗಮವಿದೆ. ಅದರ ಕಲ್ಲಿದ್ದಲಿನ ಸ್ಥಾವರವೊಂದರ ಕಂಟ್ರೋಲ್ ರೂಮಿನಲ್ಲಿ, ಇಲ್ಲಿಂದ ಎಷ್ಟೋ ದೂರದಲ್ಲಿ, ಮೂವತ್ತು ವರ್ಷ ಮೀಟರುಗಳ ಮುಳ್ಳು ನೋಡಿಕೊಂಡು ಕೂತಿದ್ದು, ನಿವೃತ್ತರಾಗಿ ಸ್ವಂತ ಊರು ಟೇಕಲ್ಲಿಗೆ ಬಂದವರು ಅವರು. ಸ್ಥಾವರ ಅವರನ್ನು ಬಿಟ್ಟು ಬಹಳ ಕಾಲವಾಯಿತು. ಅವರು ಮಾತ್ರ ಅದನ್ನು ಬಿಟ್ಟಿಲ್ಲ.

ಮದುವೆ ಯಾಕಾಗಲಿಲ್ಲ ಮಾವ ಅಂತ ಕೇಳಿದರೆ "ಶಿಫ್ಟ್ ಇತ್ತು ಕಣೇ" ಅನ್ನೋರು. ಮೂವತ್ತು ವರ್ಷವೂ ಮುಹೂರ್ತದ ದಿನವೇ ಶಿಫ್ಟ್ ಬೀಳುತ್ತಾ? ಅವರಿಗೆ ಬಿದ್ದಿತ್ತಂತೆ. ಹೀಗಾಗಿ ಅವರಿಗಿದ್ದದ್ದು ಒಬ್ಬಳೇ ಅಕ್ಕ, ನನ್ನ ಅಮ್ಮ. ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದದ್ದು ಇವರೊಬ್ಬರೇ. ಇದನ್ನು ಮೊದಲೇ ಹೇಳಿಬಿಡುತ್ತೀನಿ. ಯಾಕೆಂದರೆ ಮುಂದೆ ನಾನು ಮಾಡಿದ ಕೆಲಸಕ್ಕೆ ನೀವು ನನ್ನನ್ನು ಬಯ್ಯುವಾಗ ಇದು ನೆನಪಿರಬೇಕು.

ಅವರ ಬಾಯಲ್ಲಿ 'ನಾವು' ಅಂದರೆ ನಾನೂ ಅಲ್ಲ, ನಮ್ಮ ವಂಶವೂ ಅಲ್ಲ, ನಿಗಮ. "ನಾವು ಹೊಸ ಘಟಕ ಹಾಕ್ತಿದೀವಿ", "ನಾವು ಸಾವಿರಾರು ಕೋಟಿ ಬಂಡವಾಳ ಹೂಡ್ತಿದೀವಿ" ಅಂತ ಕಾಫಿ ಹೀರುತ್ತಾ ಹೇಳೋರು. ಗೊತ್ತಿಲ್ಲದವರು ಗಾಬರಿಯಿಂದ ಎದ್ದು ನಿಲ್ಲೋರು. ಆಮೇಲೆ ಪಿನ್ನು ಚುಚ್ಚಿದ ಅವರ ಹವಾಯಿ ಚಪ್ಪಲಿ ನೋಡಿ ಮೆಲ್ಲಗೆ ಕೂರೋರು.

ಊರಿನವರ ತೊಂದರೆಯೇ ಬೇರೆ. ಕರೆಂಟು ಹೋದಾಗ ಬಯ್ಯೋದಕ್ಕೆ ಒಬ್ಬ ಮನುಷ್ಯ ಬೇಕಲ್ಲ? ಟೇಕಲ್ಲಿನಲ್ಲಿ ಆ ಮನುಷ್ಯ ನನ್ನ ಮಾವ. ರೇಷ್ಮೆಹುಳು ಸಾಕೋರು, ಬೋರ್‌ವೆಲ್ ಇರೋರು, ಎಲ್ಲರೂ ಅವರ ಬಾಗಿಲಿಗೇ ಬರೋರು.

"ಕರೆಂಟು ಪೋಯಿಂದಿ ಸಾಮಿ. ತ್ರೀ ಫೇಸ್ ಯಾವಾಗ ಬಿಡ್ತೀರಾ?"

"ಲೇ, ನಾವು ಮಾಡೋರು ಕಣೋ. ಹಂಚೋ ಕಂಪನಿ ಬೇರೆ. ಮುದ್ದೆ ಮಾಡೋರು ಒಬ್ಬರು, ಬಡಿಸೋರು ಇನ್ನೊಬ್ಬರು. ನಿನ್ನ ಎಲೆಗೆ ಮುದ್ದೆ ಬೀಳಲಿಲ್ಲ ಅಂದ್ರೆ ಬಡಿಸೋನ್ನ ಕೇಳು. ನಾವು ಒಲೆ ಆರಿಸಿಲ್ಲ."

"ಸರಿ ಬಿಡಿ ಸಾಮಿ. ನೀವೂ ಲೈನ್‌ಮನ್ ಆಗಿದ್ದೋರೇ ಅಲ್ವಾ, ಅವನಿಗೊಂದು ಮಾತು ಹೇಳಿ."

ಅಲ್ಲಿಗೆ ಮುಗಿಯಿತು. ಲೈನ್‌ಮನ್ ಅನ್ನಿಸಿಕೊಂಡ ದಿನ ಮಾವ ಊಟವನ್ನೂ ಅರ್ಧಕ್ಕೇ ಬಿಡೋರು. ಲೈನ್‌ಮನ್‌ಗಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಮಳೆಯಲ್ಲಿ ಕಂಬ ಹತ್ತೋರು, ಗಂಡುಗಲಿಗಳು ಅಂತಲೇ ಹೇಳೋರು. ಆದರೆ ಮೂವತ್ತು ವರ್ಷ ಮುದ್ದೆ ತೊಳಸಿದವರನ್ನು ಬಡಿಸೋನು ಅಂದರೆ ಹೇಗಿರುತ್ತೆ ಹೇಳಿ.

ನಮ್ಮ ಪಕ್ಕದ ಮನೆಯಾಕೆ ಒಂದು ಸಲ "ಈ ತಿಂಗಳು ನಮಗೆ ನೂರೈವತ್ತು ಯೂನಿಟ್ ಬಂದಿದೆ" ಅಂತ ಅತ್ತುಕೊಂಡರು. ಮಾವ ಕಣ್ಣರಳಿಸಿದರು. "ನೂರೈವತ್ತಾ? ನಮ್ಮ ಇಡೀ ಸ್ಥಾವರದಲ್ಲೇ ಬೆರಳೆಣಿಕೆ ಯೂನಿಟ್ ಇರೋದಮ್ಮ. ನಿಮ್ಮನೇಲಿ ಎಲ್ಲಿ ಇಟ್ಕೊಂಡಿದೀರಾ?" ಸ್ಥಾವರದವರಿಗೆ ಯೂನಿಟ್ ಅಂದರೆ ಮನೆಗಿಂತ ಎತ್ತರದ ಬಾಯ್ಲರೂ ಟರ್ಬೈನೂ ಸೇರಿದ ಒಂದು ಘಟಕ. ನಮಗೆ ಅದು ಬಿಲ್ಲಿನ ಚೀಟಿ. ಆಕೆ ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ವಕ್ಕಲೇರಿಯಲ್ಲಿ ನೆಂಟರ ಮನೆ ತಿಥಿ. ಎಡೆಗೆ ಕಾಯುತ್ತಾ ಕೂತವರಿಗೆಲ್ಲ ಮಾವ ನಿಗಮದ ಮುಂದಿನ ಯೋಜನೆ ವಿವರಿಸತೊಡಗಿದರು. ಹಗಲು ಬಿಸಿಲಿನಿಂದ ಕರೆಂಟು ಮಾಡ್ತೀವಿ. ಆ ಕರೆಂಟಲ್ಲಿ ಕೆಳಗಿನ ನೀರನ್ನು ಬೆಟ್ಟದ ಮೇಲಿನ ಕೆರೆಗೆ ಹತ್ತಿಸ್ತೀವಿ. ಸಂಜೆ ಎಲ್ಲರೂ ದೀಪ ಹಾಕಿದಾಗ ಅದೇ ನೀರನ್ನು ಇಳಿಸಿ ಮತ್ತೆ ಕರೆಂಟು ಮಾಡ್ತೀವಿ. ಪುರೋಹಿತರು ಮಂಡಲ ಬರೆಯೋಕೆ ಇಟ್ಟಿದ್ದ ಪುಡಿ ತಗೊಂಡು ನೆಲದ ಮೇಲೆ ಎರಡು ಕೆರೆ, ನಡುವೆ ಒಂದು ಕೊಳವೆ, ಎಲ್ಲ ಬರೆದರು. ಒಬ್ಬಜ್ಜಿ ಪೂರ್ತಿ ಕೇಳಿ, "ಅಷ್ಟು ಕಷ್ಟಪಟ್ಟು ಹತ್ತಿಸಿದ ನೀರನ್ನ ಮತ್ತೆ ಯಾಕಪ್ಪ ಇಳಿಸ್ತೀರಾ? ನಮ್ಮ ಕೆರೆಗೆ ಬಿಟ್ಟುಬಿಡಿ" ಅಂದಳು. ಸಾವಿರದೈನೂರು ಅಡಿ ಕೊರೆದರೂ ಧೂಳೇ ಬರುವ ಸೀಮೆಯವಳು, ಇನ್ನೇನು ಹೇಳ್ತಾಳೆ? ಅಷ್ಟರಲ್ಲಿ ಪುರೋಹಿತರು ಬಂದು ಇದ್ಯಾವ ಮಂಡಲ ಅಂತ ಕೇಳಿದರು. ಎಲ್ಲರೂ ನಕ್ಕರು. ನಾನು ಮಾತ್ರ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಒಳಗೆ ಹೋದೆ.

ಈಗ ಇದನ್ನೆಲ್ಲ ನಗುತ್ತಾ ಬರೀತಿದೀನಿ. ಆಗ ನಗು ಬರುತ್ತಿರಲಿಲ್ಲ, ನಾಚಿಕೆಯಾಗುತ್ತಿತ್ತು. ನಾನು ಕೋಲಾರದಲ್ಲಿ ಹೈಸ್ಕೂಲ್ ಟೀಚರು. ನಾಲ್ಕು ಜನರ ಮುಂದೆ ಮರ್ಯಾದೆ ಅನ್ನೋದು ನಮ್ಮಂಥವರಿಗೆ ಸಂಬಳಕ್ಕಿಂತ ಮುಖ್ಯ.

ಆಮೇಲೆ ಶುರುವಾಯಿತು ನೋಡಿ ದೀಪದ ಹುಚ್ಚು. ಮಧ್ಯಾಹ್ನದ ಹೊತ್ತು ಬಿಸಿಲಿನ ಕರೆಂಟು ಹೆಚ್ಚಾಗಿ, ಬೇಡಿಕೆ ಸಾಲದೆ, ಹಳೇ ಕಲ್ಲಿದ್ದಲು ಘಟಕಗಳನ್ನು ಅರ್ಧಕ್ಕೆ ಇಳಿಸ್ತಾರೆ, ಒಂದೊಂದು ಸಲ ನಿಲ್ಲಿಸಿಯೇ ಬಿಡ್ತಾರೆ ಅಂತ ಮಾವ ಪೇಪರಿನಲ್ಲಿ ಓದಿದರು. ಅವರು ಕೆಲಸ ಮಾಡಿದ ಘಟಕವೂ ಹಳೇದೇ. ನಿಲ್ಲಬಾರದು ಅಂದರೆ ಬೇಡಿಕೆ ಬೇಕು. ಬೇಡಿಕೆ ಎಲ್ಲಿಂದ ಬರಬೇಕು? ಅಂದಿನಿಂದ ಮಾವ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟು, ನೇರ ಸ್ವಿಚ್‌ಬೋರ್ಡಿಗೆ ಹೋಗಿ, ಹಾಡುಹಗಲೇ ಎಲ್ಲ ದೀಪ ಹಾಕತೊಡಗಿದರು. ಬೇರೆ ಮುದುಕರು ಮನೆಮನೆಗೆ ಹೋಗಿ ದೀಪ ಆರಿಸಿ ಅಂತ ಬುದ್ಧಿ ಹೇಳ್ತಾರೆ. ನಮ್ಮವರು ಹಾಕಿ ಅಂತ ಗೋಗರೆಯೋರು. ಎಲ್‌ಇಡಿ ಬಲ್ಬು ಕಂಡರಂತೂ ಸಂಕಟ. "ಒಂಬತ್ತು ವ್ಯಾಟು. ಇದೂ ಒಂದು ಲೋಡಾ? ಮಿಂಚುಹುಳ ಸಾಕ್ಕೊಂಡಿದೀರಾ."

ಒಂದು ದಿನ ನನ್ನ ಸ್ಕೂಲಿಗೇ ಬಂದರು. ಸ್ಟಾಫ್ ರೂಮಿನ ಟ್ಯೂಬ್‌ಲೈಟು, ಫ್ಯಾನು ಎಲ್ಲ ಹಾಕಿ, ಗಾಳಿಗೆ ಹಾರಿದ ಉತ್ತರಪತ್ರಿಕೆಗಳನ್ನು ತಾವೇ ಆಯುತ್ತಾ ಕೂತಿದ್ದರು. ಹೆಡ್‌ಮಿಸ್ಸು "ಯಾರಿವರು?" ಅಂದರು. ನಾನು "ನಮ್ಮೂರಿನವರು" ಅಂದೆ. ಸುಳ್ಳೇನಲ್ಲವಲ್ಲ? ಊರಿನವರೇ ತಾನೆ. ಹೀಗೆ ಒಂದು ಮೆಟ್ಟಿಲು ಇಳಿದವರಿಗೆ ಮುಂದಿನದು ಸುಲಭ.

ಹೋದ ವರ್ಷ ಕೋಲಾರದಲ್ಲಿ ಮನೆ ಕಟ್ಟಿಸಿದೆವು. ಗೃಹಪ್ರವೇಶದ ದಿನ ಯಜಮಾನರ ಆಫೀಸಿನ ದೊಡ್ಡ ಸಾಹೇಬರೂ ಅವರ ಹೆಂಡತಿಯೂ ಬಂದಿದ್ದರು. ಗೃಹಪ್ರವೇಶಕ್ಕೆ ತವರಿನಿಂದ ಸೀರೆ ಬರಬೇಕು, ಮನೆಯಾಕೆ ಅದನ್ನು ಉಡಬೇಕು, ಅದು ನಮ್ಮ ಕಡೆ ಶಾಸ್ತ್ರ. ಮಾವ ತಡವಾಗಿ ಬಂದರು, ಕೈಯಲ್ಲೊಂದು ಬಟ್ಟೆ ಚೀಲ. ನಾನು ಸಾಹೇಬರ ಹೆಂಡತಿಗೆ ಉಪಚಾರ ಮಾಡುತ್ತಿದ್ದೆ. ಮಾವ ಚೀಲವನ್ನು ಬಾಗಿಲ ಚಿಲಕಕ್ಕೆ ತೂಗುಹಾಕಿ, ಹನ್ನೊಂದು ಗಂಟೆಯ ಬಿಸಿಲಿನಲ್ಲಿ, ದೇವರ ಮನೆಯಿಂದ ಬಚ್ಚಲಿನವರೆಗೆ ಒಂದೊಂದೇ ದೀಪ ಹಾಕುತ್ತಾ ಬಂದರು. ಗೀಸರನ್ನೂ ಬಿಡಲಿಲ್ಲ. ಆಕೆ ಹುಬ್ಬೇರಿಸಿ, "ಯಾರಮ್ಮ ಇದು?" ಅಂದರು.

"ಲೈನ್‌ಮನ್. ಕರೆಂಟು ನೋಡೋಕೆ ಬಂದಿದಾರೆ" ಅಂದೆ.

ಬಾಯಿಂದ ಬಿದ್ದೇ ಹೋಯಿತು. ತಿರುಗಿ ನೋಡಿದರೆ ಮಾವ ಅಲ್ಲೇ, ನನ್ನ ಬೆನ್ನ ಹಿಂದಿನ ಸ್ವಿಚ್‌ಬೋರ್ಡಿನ ಹತ್ತಿರ ನಿಂತಿದ್ದಾರೆ. ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಜೇಬಿನಿಂದ ಟೆಸ್ಟರ್ ತೆಗೆದು ಪ್ಲಗ್ಗಿಗೆ ಇಟ್ಟರು. ಕೆಂಪು ದೀಪ ಹತ್ತಿತು. "ಕರೆಂಟು ಚೆನ್ನಾಗಿ ಬರ್ತಿದೆ ಮೇಡಂ. ನಾನು ಬರ್ತೀನಿ" ಅಂದರು. ಸಾಹೇಬರ ಹೆಂಡತಿ "ಅವರಿಗೂ ಊಟ ಕೊಟ್ಟು ಕಳಿಸಿ" ಅಂದರು, ಪುಣ್ಯಾತ್ಗಿತ್ತಿ. ಮಾವ ಆಗಲೇ ಗೇಟು ದಾಟಿದ್ದರು. ನಾನು ಹಿಂದೆ ಓಡಲಿಲ್ಲ. ಓಡಿದ್ದರೆ ಯಾಕೆ ಓಡಿದೆ ಅಂತ ಆಕೆಗೆ ಹೇಳಬೇಕಾಗುತ್ತಿತ್ತಲ್ಲ.

ಎಲ್ಲರೂ ಹೋದ ಮೇಲೆ ಚಿಲಕದ ಚೀಲ ತೆಗೆದೆ. ಹಸಿರು ಸೀರೆ, ರವಿಕೆ ಕಣ, ಅರಿಶಿನ ಕುಂಕುಮ. ಅಡಿಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಬಲ್ಬು. ನಲವತ್ತು ಕ್ಯಾಂಡಲ್, ಅಂದರೆ ನಲವತ್ತು ವ್ಯಾಟಿನದು, ಒಳಗೆ ತಂತಿ ಇರುವ ಹಳೇ ಕಾಲದ್ದು. ಅದನ್ನು ಯಾವ ಅಂಗಡಿಯಲ್ಲಿ ಹುಡುಕಿದರೋ. ತವರು ತಾನಾಗಿ ನಡೆದುಕೊಂಡು ಬಂದಿತ್ತು, ನಾನು ಅದಕ್ಕೆ ಪರರೆದುರು ಬೇರೆ ಹೆಸರು ಹೇಳಿ ಹಸಿದ ಹೊಟ್ಟೆಯಲ್ಲಿ ಕಳಿಸಿದ್ದೆ.

ಎರಡು ವಾರ ಮುಖ ತೋರಿಸೋದಕ್ಕೆ ಧೈರ್ಯವಾಗಲಿಲ್ಲ. ಮೂರನೇ ಭಾನುವಾರ ಟೇಕಲ್ಲಿಗೆ ಬಸ್ಸು ಹತ್ತಿದೆ. ಮಾವ ಎಂದಿನಂತೆಯೇ "ಬಾರೇ" ಅಂದರು, ಕಾಫಿ ಕಾಸಿದರು. ಆದರೆ ಮನೆಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ನಾನೇ ಮಾತಿಗೆ ಎಳೆದೆ. "ಏನು ಮಾವ, ಪೇಪರಿನಲ್ಲಿ ಏನಿದೆ ವಿಶೇಷ?"

"ಅವರು ಹಳೇ ಘಟಕಗಳನ್ನ ನಿಲ್ಲಿಸ್ತಾರಂತೆ ಕಣೇ. ಬಿಸಿಲಿಗೆ ಬಂಡವಾಳ ಹಾಕ್ತಾರಂತೆ. ಒಳ್ಳೇದೇ. ಎಷ್ಟು ದಿನ ಬೂದಿ ಕುಡೀತಾರೆ ಜನ."

ಅವರು. ಹುಟ್ಟಿದಾಗಿನಿಂದ ಕೇಳಿದ 'ನಾವು' ಎಲ್ಲಿ ಹೋಯಿತು? ತಪ್ಪಾಯ್ತು ಮಾವ ಅನ್ನಬೇಕು ಅಂತ ಬಂದವಳು, ಅದನ್ನು ಬಿಟ್ಟು, "ಎಲ್ಲರ ಮನೇಲೂ ಯಾಕೆ ದೀಪ ಹಾಕ್ತಿದ್ರಿ ಮಾವ? ನಮ್ಮ ಹತ್ತು ಬಲ್ಬಿಗೆ ಸ್ಥಾವರ ಉಳಿಯುತ್ತಾ?" ಅಂತ ಕೇಳಿದೆ.

"ಉಳಿಯಲ್ಲ. ಅಷ್ಟೂ ಗೊತ್ತಿಲ್ವಾ ನನಗೆ?" ಅಂದರು. ಸ್ವಲ್ಪ ಹೊತ್ತು ಲೋಟ ತಿರುಗಿಸಿದರು. "ಸ್ಥಾವರದಲ್ಲಿದ್ದಾಗ ಫೋನಿರಲಿಲ್ಲ. ಕಾಗದ ಬಂದು ಸೇರೋಕೆ ವಾರ ಆಗೋದು. ಸಂಜೆ ಶಿಫ್ಟಲ್ಲಿ ಕೂತಿದ್ರೆ ಆರೂವರೆಗೆ ಬೇಡಿಕೆ ತೋರಿಸೋ ಲೋಡಿನ ಮುಳ್ಳು ಏರೋದು. ನಾಡಿನ ಎಲ್ಲ ಮನೆ ದೀಪಾನೂ ಅದರಲ್ಲಿರುತ್ತೆ. ನಾನು ಮಾತ್ರ, ಅಕ್ಕ ನಡುಮನೆ ಬಲ್ಬು ಹಾಕಿದಳು, ಚೆನ್ನಾಗಿದಾಳೆ, ಅಂದುಕೊಳ್ತಿದ್ದೆ. ದಿನಾ ನೋಡ್ತಿದ್ದೆ. ಅಷ್ಟೇ ಕಣೇ ನನಗೆ ಇದ್ದ ಸಂಸಾರ."

ಬಸ್ಸಿಗೆ ಹೊತ್ತಾಯಿತು ಅಂತಷ್ಟೇ ಹೇಳಿ ಎದ್ದು ಬಂದೆ. ಹೈಸ್ಕೂಲ್ ಟೀಚರಂತೆ, ದಿನಾ ಎಂಟು ಪೀರಿಯಡ್ ಮಾತಾಡೋಳಂತೆ.

ಮನೆಗೆ ಬಂದವಳು ಹಸಿರು ಸೀರೆ ಉಟ್ಟೆ. ಸ್ಟೂಲು ಹತ್ತಿ ನಡುಮನೆಯ ಎಲ್‌ಇಡಿ ಬಿಚ್ಚಿ, ಮಾವನ ನಲವತ್ತು ಕ್ಯಾಂಡಲ್ ಹಾಕಿದೆ. "ಇದೇನೇ ಇದು, ಬಿಲ್ಲು ಬರಲ್ವಾ?" ಅಂದರು ಯಜಮಾನರು. ಬರಲಿ ಬಿಡಿ ಅಂದೆ. ಆರೂವರೆಗೆ ಸ್ವಿಚ್ಚು ಒತ್ತಿದೆ. ಗೋಡೆಯೆಲ್ಲ ಅಮ್ಮನ ಮನೆಯ ಹಾಗೆ ಹಳದಿಯಾಯಿತು. ಫೋನು ಮಾಡಿದೆ.

"ಮಾವ, ದೀಪ ಹಾಕಿದೀನಿ."



"ಗೊತ್ತಾಯ್ತು ಕಣೇ," ಅಂದರು ಮಾವ. "ನಮಗಿಲ್ಲಿ ಮುಳ್ಳು ಏರ್ತು."