ಬಳ್ಳಿ ಪಿಸ್ತೂಲಿನ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಏಳು ಪಿಸ್ತೂಲುಗಳಿದ್ದವು. ಇಲಿ ಹೊಡೆಯುವುದಕ್ಕೆ ಮಾತ್ರ ಪೊರಕೆಯನ್ನೇ ಹುಡುಕಬೇಕಿತ್ತು! ಅವೇನು ಅಂತಿಂಥ ಪಿಸ್ತೂಲುಗಳಲ್ಲ, ಬಿಳಿ ದೊರೆಗಳ ತಾತಂದಿರ ಕಾಲದವು. ತಿರುಗುವ ಉರುಳೆಯಲ್ಲಿ ಆರು ತೂತು. ಒಂದೊಂದಕ್ಕೂ ಮದ್ದು ತುಂಬಿ, ಗುಂಡು ಗಿಡಿದು, ಹಿಂದೆ ತಾಮ್ರದ ಕೇಪು ಸಿಕ್ಕಿಸಬೇಕು. ಅಷ್ಟರಲ್ಲಿ ಶತ್ರು ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಬರಬಹುದು! ಆದರೆ ಮೈತುಂಬ ಕೆತ್ತನೆ: ಹೂವು, ಎಲೆ, ಬಳ್ಳಿ. ಕೊಳ್ಳೇಗಾಲದ ರೇಷ್ಮೆ ನೇಕಾರನೊಬ್ಬನಿಗೆ ಐವತ್ತೈದು ದಾಟಿದ ಮೇಲೆ ಈ ಹುಚ್ಚು ಹಿಡಿದರೆ ಯಾರು ತಾನೆ ನಗುವುದಿಲ್ಲ?

ಆಯುಧಪೂಜೆಯ ದಿನ ಇದ್ದವಕ್ಕೆಲ್ಲ ಕುಂಕುಮವಿಟ್ಟು ಮಗ್ಗದ ಮುಂದೆ ಜೋಡಿಸಿದರು. ಮಂತ್ರ ಹೇಳಲು ಬಂದ ಪುರೋಹಿತರು ಹೊಸಿಲು ದಾಟಲೇ ಇಲ್ಲ.

“ಅದರ ಬಾಯಿ ಸ್ವಲ್ಪ ಆ ಕಡೆ ತಿರುಗಿಸಪ್ಪ!”

“ಬಾಯಿ ಬುಡಿ ಸ್ವಾಮಿ, ಒಟ್ಟೆ ಮ್ಯಾಲಿನ ಬಳ್ಳಿ ನೋಡಿ!”

ಪುರೋಹಿತರು ಹೊರಗಿನಿಂದಲೇ ಅಕ್ಷತೆ ಎಸೆದು ದಕ್ಷಿಣೆಯನ್ನೂ ಮರೆತು ಹೊರಟುಹೋದರು.

ಹನೂರಿನ ಮರದ ಕಂಟ್ರಾಕ್ಟರರೊಬ್ಬರು ಥಳಥಳ ಹೊಳೆಯುವ ಪಿಸ್ತೂಲು ತೋರಿಸಿದಾಗ ನಾನೂ ಜೊತೆಗಿದ್ದೆ. ಚಿಕ್ಕಪ್ಪ ಕಣ್ಣು ಮುಚ್ಚಿ ಅದರ ಮೈಮೇಲೆ ಹೆಬ್ಬೆರಳು ಆಡಿಸಿ, “ಬೋಳು!” ಎಂದು ವಾಪಸು ಕೊಟ್ಟರು.

“ಗುಂಡು ಆರ್ತದೆ ಕಣ್ರಿ!”

“ಆರ್ಲಿ ಬುಡಿ. ಬಳ್ಳಿ ಎಲ್ಲದೆ?”

ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದ ಒಂದನ್ನು ತಡವಿ, ಬೆಕ್ಕಿನ ಮರಿಯಂತೆ ಎದೆಗವಚಿಕೊಂಡು ಬಂದರು. ನಾನು ಹಿಂದೆ ಓಡಿ ಹಿಡಿಯುವಷ್ಟರಲ್ಲಿ ಕೊಳ್ಳೇಗಾಲದ ಬಸ್ಸು ಬಿಟ್ಟು ಕಾಡಂಚಿನ ರಾಮಾಪುರದ ಬಸ್ಸು ಹತ್ತಿ ಕುಳಿತಿದ್ದರು! “ಬೋರ್ಡು ಓದಕ್ಕೆ ನಾನೇನು ಗುಮಾಸ್ತನಾ?” ಎಂದು ನನ್ನನ್ನೇ ಗದರಿಸಿದರು. ಈ ಕಥೆ ಹೇಳಿ ನಮ್ಮ ಬೀದಿಯನ್ನೆಲ್ಲ ವಾರಗಟ್ಟಲೆ ನಗಿಸಿದವಳು ನಾನೇ.

ಏಳನೆಯದು ಯಳಂದೂರಿನ ಹಳೆಯ ದೊಡ್ಡ ಮನೆಯೊಂದರ ಅಟ್ಟದಿಂದ ಬಂತು. ಉರುಳೆಯ ಸುತ್ತ ಒಂದೇ ಬಳ್ಳಿ, ಎಷ್ಟು ತಿರುಗಿಸಿದರೂ ಮುಗಿಯದ್ದು! ಅಪ್ಪನಿಲ್ಲದ ನನ್ನನ್ನು ಸಾಕಿದವರು ಈ ಚಿಕ್ಕಪ್ಪ. “ನಿನ್ನ ಧಾರೆ ಸೀರೆ ನನ್ನ ಕೈಯಿಂದ್ಲೇಯ” ಎಂದು ನನ್ನ ಮೂಗು ಸೋರುತ್ತಿದ್ದ ಕಾಲದಿಂದಲೂ ಹೇಳುತ್ತ ಬಂದಿದ್ದರು. ಈಗ ಮದುವೆ ಗೊತ್ತಾಗಿತ್ತು. ಈ ಬಳ್ಳಿಯೇ ಅಂಚು ಎಂದು ತೀರ್ಮಾನವಾಯಿತು.

ನಮ್ಮೂರು ಆಗ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಸರಹದ್ದು ದಾಟಿ ಬಂದ ಪಿಸ್ತೂಲಿನ ಸುದ್ದಿ ಇನ್‌ಸ್ಪೆಕ್ಟರಿಗೆ ಮುಟ್ಟದಿರುತ್ತದೆಯೇ? ಕೊಯಮತ್ತೂರು ಕಡೆಯವರು, ಗಿರಿಜಾ ಮೀಸೆ. ಬಂದವರೇ ಕೇಳಿದರು:

“ಲೈಸೆನ್ಸ್ ಎಲ್ಲಿ?”

“ಯಾವುದಕ್ಕೆ ಸಾ? ಬಳ್ಳಿಗಾ?”

ಒಂದೊಂದನ್ನೂ ತಿರುಗಿಸಿ ನೋಡಿದರು. ಆರು ಪಿಸ್ತೂಲು ಕೆಟ್ಟಿವೆ, ಇರಲಿ. ಏಳನೆಯದು ಕೆಲಸ ಮಾಡುತ್ತದೆ, ಸರ್ಕಾರಕ್ಕೆ ಒಪ್ಪಿಸಬೇಕು ಎಂದರು. ಚಿಕ್ಕಪ್ಪ ಅಳುಕಲಿಲ್ಲ. “ಮಗೀನ ಮದುವೆ ಸೀರೆ ಬಳ್ಳಿ ಇದರ ಮೇಲದೆ ಸಾ. ಅಂಚು ಮುಗೀಲಿ, ನಾನೇ ಕೊಡ್ತೀನಿ.” ಇನ್‌ಸ್ಪೆಕ್ಟರು ಮೀಸೆ ತಿರುವಿ, ಪಿಸ್ತೂಲಿನ ತೂತುಗಳಿಗೆಲ್ಲ ಅರಗು ಸುರಿಸಿ ಮೊಹರು ಒತ್ತಿ, ಹದಿನೈದು ದಿನ ಗಡುವು ಕೊಟ್ಟರು.

“ಅಂಗೇ ಇವರ ಬಾಯಿಗೂ ಒಂಚೂರು ಉಯ್ದು ಓಗಿ ಸಾ!” ಎಂದರು ಚಿಕ್ಕಮ್ಮ.

ಆ ಹದಿನೈದು ದಿನ ಚಿಕ್ಕಪ್ಪ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಏಳಲಿಲ್ಲ. ಎಡಗೈಯ ಹೆಬ್ಬೆರಳು ಪಿಸ್ತೂಲಿನ ಮೇಲೆ, ಬಲಗೈ ಎಳೆಗಳ ಮೇಲೆ. ಬಳ್ಳಿಯನ್ನು ಒಂದಿಷ್ಟು ತಡವುವುದು, ಎಳೆ ಎತ್ತುವುದು, ಜರಿ ತೂರಿಸುವುದು. “ಪಿಸ್ತೂಲು ತೋರಿಸಿ ಸೀರೆಯನ್ನು ಹೆದರಿಸುತ್ತಿದ್ದಾರೆ!” ಎಂದು ನಾನು ಗೆಳತಿಯರನ್ನು ಕರೆದು ತೋರಿಸಿ ನಕ್ಕೆ. ಗಡುವಿನೊಳಗೆ ಮುಗಿಯದಿದ್ದರೆ ಬಳ್ಳಿ ಅರ್ಧಕ್ಕೇ ನಿಲ್ಲುತ್ತದಲ್ಲ ಎಂದು ಒಳಗೊಳಗೇ ಹೆದರಿಕೆಯೂ ಇತ್ತು.

ಹದಿನೈದನೆಯ ದಿನ ಬೆಳಿಗ್ಗೆ ಅಂಚು ಮುಗಿಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರು ಬಂದು ಕಿಟಕಿಯ ಹತ್ತಿರ ನಿಂತರು. ಚಿಕ್ಕಪ್ಪ ಗುಂಡಿಯಿಂದ ಮೇಲೆದ್ದು, ಠೀವಿಯಿಂದ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು ಮುಂದೆ ಚಾಚಿದರು.

“ತಕಳಿ ಸಾ. ಕೆಲಸ ಆಯ್ತು.”

ಚಾಚಿದ್ದು ನಡುಮನೆಯ ಕಂಬದ ಕಡೆಗೆ. ಅಲ್ಲಿ ಯಾರೂ ಇರಲಿಲ್ಲ.

ನಾನು ಇನ್ನೇನು ನಗಬೇಕು, ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ಕಿವಿಯಲ್ಲಿ ಹೇಳಿದರು: “ಕಣ್ಣಿಗೆ ಪೊರೆ ಬಂದು ಮೂರು ವರ್ಸ ಆಯ್ತು ಕಣವ್ವ. ಕಾಗದದ ಮೇಲಿನ ಚಿತ್ರ ಕಾಣಾಕಿಲ್ಲ, ಕೆತ್ತಿದ್ದಾದ್ರೆ ಬೆರಳಿಗೆ ಸಿಕ್ತದೆ. ಗೊತ್ತಾದ್ರೆ ನಿನ್ನ ಸೀರೆ ಬ್ಯಾರೆಯೋರಿಗೆ ಕೊಟ್ಬುಟ್ಟಾರು ಅಂತ ಯಾರಿಗೂ ಯೇಳ್ನಿಲ್ಲ.”

ರಾಮಾಪುರದ ಬಸ್ಸು ನೆನಪಾಗಿ ನನಗೆ ನಾಚಿಕೆಯಾಯಿತು.

ಇನ್‌ಸ್ಪೆಕ್ಟರು ಕಂಬವನ್ನೊಮ್ಮೆ, ಚಿಕ್ಕಪ್ಪನ ಕಣ್ಣುಗಳನ್ನೊಮ್ಮೆ ನೋಡಿದರು. ಬೂಟಿನ ಸದ್ದಾಗದ ಹಾಗೆ ನಡೆದು ಹೋಗಿ, ಕಂಬದ ಮುಂದೆ, ಚಿಕ್ಕಪ್ಪ ಕೈ ಚಾಚಿದ್ದ ಜಾಗದಲ್ಲೇ ನಿಂತರು. ಎರಡೂ ಕೈಯಿಂದ ಪಿಸ್ತೂಲು ತೆಗೆದುಕೊಂಡರು. ಆಮೇಲೆ ಮಗ್ಗದ ಮೇಲಿನ ಸೀರೆಯತ್ತ ಬಗ್ಗಿ, ಅಂಚನ್ನು ಬಹಳ ಹೊತ್ತು ನೋಡಿದರು.

“ಒಂದು ಎಲೆ ಕೂಡ ತಪ್ಪಿಲ್ಲ, ಅಯ್ಯಾ.”

“ಎಂಗೆ ತಪ್ಪಾದು ಸಾ?” ಎಂದು ಚಿಕ್ಕಪ್ಪ ಎದೆಯುಬ್ಬಿಸಿ ನಕ್ಕರು. “ಕಣ್ಣಾರೆ ನೋಡ್ಕಂಡು ನೇಯ್ದಿದ್ದಲ್ವಾ!”

ಅಳುವ ಸದ್ದು ಅವರಿಗೆ ಕೇಳಿಸಬಾರದೆಂದು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.